ಅತ್ತೆಗೆ ಯಾರೂ ಹೇಳಬಾರದಿದ್ದ ಕೊನೆಯ ಪುಟ

ನನ್ನ ಮಗಳು ರಾಯಬಾಗದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ರಜೆಗೆ ಮನೆಗೆ ಬಂದರೆ ಮೊಬೈಲಿನಲ್ಲಿ ಜಪಾನಿನ ಚಿತ್ರಕತೆ ಓದುತ್ತ ಕೂರುತ್ತಾಳೆ. ಅದಕ್ಕೆ ಮಂಗಾ ಅನ್ನುತ್ತಾರಂತೆ, ಬಲಗಡೆಯಿಂದ ಎಡಗಡೆಗೆ ನೋಡಿಕೊಂಡು ಹೋಗಬೇಕಂತೆ. ಕಳೆದ ದೀಪಾವಳಿಯಲ್ಲಿ ಅಂಥದೊಂದನ್ನು ಮುಗಿಸಿ, ಮೂಗು ಒರೆಸಿಕೊಳ್ಳುತ್ತ ಅಡುಗೆಮನೆಗೆ ಬಂದಳು. "ಅವ್ವಾ, ಅಳೂನೂ ಬಂತು, ಹೊಟ್ಟಿ ತುಂಬಿದಂಗೂ ಆತು. ಹಿಂಗ ಎರಡೂ ಕೂಡಿ ಆಗೂ ಕತಿ ಭಾಳ ಕಡಿಮಿ" ಎಂದಳು.

ನಾನು ಹೋಳಿಗೆಗೆ ಹೂರಣ ರುಬ್ಬುತ್ತಿದ್ದೆ. "ಕಡಿಮಿ ಖರೆ. ಆದ್ರ ನಾ ಒಂದು ನೋಡೇನಿ" ಎಂದೆ.

"ನಿಮ್ಮ ಕಾಲಕ್ಕ ಮಂಗಾ ಎಲ್ಲಿ ಬಂದಿತ್ತ?" ಎಂದು ನಕ್ಕಳು.

ಜಪಾನಿನದು ಬಂದಿರಲಿಲ್ಲ. ಆದರೆ ಕನ್ನಡದ ವಾರಪತ್ರಿಕೆಯ ನಟ್ಟನಡುವಿನ ಎರಡು ಪುಟಗಳಲ್ಲಿ ಚಿತ್ರಕತೆ ಬರುತ್ತಿತ್ತು, ವಾರಕ್ಕಿಷ್ಟು ಅಂತ. ಅವುಗಳಲ್ಲಿ ಬಹಳಷ್ಟನ್ನು ಓದಿದ ಮರುದಿನ ಮರೆಯುತ್ತಿದ್ದೆವು. ಒಂದನ್ನು ಮಾತ್ರ ನಾನು ಈಗಲೂ ಚಿತ್ರಚಿತ್ರವಾಗಿ ಹೇಳಬಲ್ಲೆ. ಓದುಗರ ಕಣ್ಣನ್ನೂ ಹೊಟ್ಟೆಯನ್ನೂ ಒಟ್ಟಿಗೆ ತುಂಬಿಸುವುದು ಎಂದರೇನು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ನಾನು ಅಥಣಿ ತಾಲೂಕಿನ ಕೃಷ್ಣೆಯ ದಂಡೆಯ ಊರಿನಿಂದ ಮದುವೆಯಾಗಿ ನಿಪ್ಪಾಣಿಗೆ ಬಂದೆ. ನನ್ನ ಗಂಡ ತಂಬಾಕಿನ ವಖಾರಿಯಲ್ಲಿ ತೂಕ ಬರೆಯುವ ಕೆಲಸದಲ್ಲಿದ್ದರು. ಮನೆಯಲ್ಲಿ ಅತ್ತೆ ಬೀಡಿ ಕಟ್ಟುತ್ತಿದ್ದರು. ಮಕ್ಕಳು ಚಿಕ್ಕವರಿದ್ದಾಗಲೇ ಮಾವ ತೀರಿಕೊಂಡಿದ್ದರು; ಅಂದಿನಿಂದ ವಖಾರಿಯಲ್ಲಿ ತಂಬಾಕು ಜರಡಿ ಹಿಡಿದು, ಮನೆಯಲ್ಲಿ ಬೀಡಿ ಕಟ್ಟಿ, ಇಬ್ಬರು ಗಂಡುಮಕ್ಕಳನ್ನು ಓದಿಸಿ ಮದುವೆ ಮಾಡಿದವರು ಅವರು. ಹಾಗೆಂದು ಅದನ್ನು ಅವರು ಯಾರ ಮುಂದೂ ಹಾಡಿಕೊಂಡವರಲ್ಲ. ಕೇಳಿದರೆ, "ಮತ್ತ್ಯಾರ ಮಾಡ್ತಿದ್ರು?" ಎಂದು ನಮ್ಮನ್ನೇ ಕೇಳುತ್ತಿದ್ದರು.

ಬೀಡಿ ಕಟ್ಟುವುದು ನನಗೆ ಬೇಗ ಹತ್ತಲಿಲ್ಲ. ಹಿಂದಿನ ದಿನ ನೆನೆಸಿಟ್ಟ ಎಲೆಯನ್ನು ತಗಡಿನ ಅಳತೆ ಇಟ್ಟು ಕತ್ತರಿಸುವವರೆಗೆ ಸರಿ. ತಂಬಾಕು ಹಾಕಿ ಸುತ್ತಲು ಹೋದರೆ ಒಂದು ತುದಿ ಉಬ್ಬಿ ಇನ್ನೊಂದು ತುದಿ ಸೊರಗುತ್ತಿತ್ತು. "ಇದೇನ ಬೀಡಿಯೋ, ಬಸುರಿ ಓತಿಕ್ಯಾತನೋ" ಎಂದು ಎದುರು ಮನೆಯ ಕಾಕು ಎತ್ತಿ ಎಲ್ಲರಿಗೂ ತೋರಿಸುತ್ತಿದ್ದರು. ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಆಗಿದ್ದ ಅವರು ಮರಾಠಿ ಮನೆಯವರು. ಕನ್ನಡ ಮಾತು ಅವರಿಗೆ ನೀರು ಕುಡಿದಷ್ಟು ಸುಲಭ, ಕನ್ನಡ ಅಕ್ಷರ ಮಾತ್ರ ಒಂದೂ ಗೊತ್ತಿರಲಿಲ್ಲ. ನಮ್ಮ ಓಣಿಯ ಬಹುತೇಕ ಹೆಂಗಸರಿಗೆ ಯಾವ ಭಾಷೆಯ ಅಕ್ಷರವೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಾಗಾಗಿ ಕೆಲವೇ ದಿನಗಳಲ್ಲಿ ನನಗೆ ಬೇರೆ ಕೆಲಸ ಬಂತು. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲಿ ಎಲ್ಲರೂ ಎಲೆ, ತಂಬಾಕು ಹರವಿದ ತಮ್ಮ ತಮ್ಮ ಮೊರ ತೊಡೆಯ ಮೇಲಿಟ್ಟುಕೊಂಡು ಕೂಡುವುದು, ನಾನು ಗೋಡೆಗೆ ಒರಗಿ ಓದುವುದು. ಓದುವವಳ ಕೈ ಖಾಲಿ ಇರುತ್ತದಲ್ಲ, ಅದಕ್ಕೆ ಎದ್ದು ಹೋಗುವಾಗ ಪ್ರತಿಯೊಬ್ಬರೂ ತಾವು ಕಟ್ಟಿದ್ದರಲ್ಲಿ ಒಂದು ಹಿಡಿಯನ್ನು ನನ್ನ ಮೊರದೊಳಗೆ ಹಾಕಿ ಹೋಗುತ್ತಿದ್ದರು. ನನ್ನ ಉಬ್ಬು ಬೀಡಿಗಳಿಗಿಂತ ಅವರ ಹಿಡಿ ಬೀಡಿಗಳೇ ಚೆನ್ನಾಗಿರುತ್ತಿದ್ದವು.

ಶನಿವಾರ ನನ್ನ ಗಂಡ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ವಾರಪತ್ರಿಕೆ ತರುತ್ತಿದ್ದರು. ಅದರಲ್ಲಿ ಧಾರಾವಾಹಿ, ಅಡುಗೆ, ಭವಿಷ್ಯ ಎಲ್ಲ ಇದ್ದರೂ ಮೊದಲು ತೆಗೆಯುತ್ತಿದ್ದದ್ದು ನಡುವಿನ ಎರಡು ಪುಟ. ಅಲ್ಲಿ ಆ ವರ್ಷ ಒಬ್ಬ ಅಂಬಿಗನ ಮಗಳ ಕತೆ ಬರುತ್ತಿತ್ತು. ಮಹಾಪೂರದ ದಿನ ಅಂಬಿಗ ಯಾರನ್ನೋ ಆಚೆ ದಂಡೆಗೆ ಮುಟ್ಟಿಸಲು ಹೋದವನು ತಿರುಗಿ ಬರುವುದಿಲ್ಲ. ಅವನ ದೋಣಿಯೊಂದೇ ಕೆಳಗಿನ ಊರಲ್ಲಿ ಮುಳ್ಳಿನ ಗಿಡಕ್ಕೆ ಸಿಕ್ಕಿಕೊಂಡು ಸಿಗುತ್ತದೆ. ಪುಟ್ಟ ಹುಡುಗಿ ಆ ದೋಣಿಯ ಹುಟ್ಟು ಹಿಡಿಯುತ್ತಾಳೆ. ಊರವರು ನಗುತ್ತಾರೆ, ಬಯ್ಯುತ್ತಾರೆ, ಆಮೇಲೆ ಹತ್ತಿ ಕೂಡುತ್ತಾರೆ. ಇಷ್ಟೇ ಕತೆ. ವಾರ ವಾರ ಹುಡುಗಿ ಸ್ವಲ್ಪ ಸ್ವಲ್ಪ ದೊಡ್ಡವಳಾಗುತ್ತಿದ್ದಳು. ಎಲ್ಲೂ "ಕೆಲವು ವರ್ಷಗಳ ನಂತರ" ಎಂದು ಬರೆಯದೆ, ಲಂಗದ ಅಂಚನ್ನು ಪಾದದಿಂದ ಮೇಲೆ ಮೇಲೆ ಏರಿಸುತ್ತ, ಒಂದು ವಾರ ಥಟ್ಟನೆ ಸೀರೆ ಉಡಿಸಿಬಿಟ್ಟಿದ್ದ ಚಿತ್ರ ತೆಗೆಯುವವನು. ಆ ವಾರ ನಮ್ಮ ಪಡಸಾಲೆಯಲ್ಲಿ ಮಗಳು ಮೈನೆರೆದ ಸಂಭ್ರಮವೇ ಆಗಿತ್ತು. ಕಾಕು ಮನೆಯಿಂದ ಸಕ್ಕರೆ ತಂದು ಎಲ್ಲರ ಕೈಗೂ ಹಾಕಿದ್ದರು.

ಓದಿಗೆ ಒಂದು ಪದ್ಧತಿ ಇತ್ತು. ಅದನ್ನು ಮಾಡಿದವರು ಅತ್ತೆ. ಮೊದಲು ಅವರು ಚಿತ್ರ ನೋಡಬೇಕು. ನೋಡಿ, ಏನಾಯಿತೆಂದು ಎಲ್ಲರಿಗೂ ಹೇಳಬೇಕು. ಆಮೇಲೆ ನಾನು ಅಕ್ಷರ ಓದಬೇಕು. ಎರಡೂ ಹೊಂದಿದರೆ ಅತ್ತೆ ಗೆದ್ದಂತೆ. ಹೊಂದದಿದ್ದರೆ ಬರೆದವನು ತಪ್ಪಿದಂತೆ.

ಒಂದು ವಾರ ಹುಡುಗಿ ಮೊಣಕಾಲಲ್ಲಿ ಮುಖ ಹುದುಗಿಸಿ ಕೂತ ಚಿತ್ರ ಬಂದಿತ್ತು. ನಾನು, "ಹುಡುಗಿ ಅಪ್ಪನನ್ನು ನೆನೆದು ಬಿಕ್ಕಿ ಬಿಕ್ಕಿ ಅತ್ತಳು" ಎಂದು ಓದಿದೆ.

"ಅಳು ಎಲ್ಲೈತಿ ಅಲ್ಲೆ?" ಎಂದರು ಅತ್ತೆ. "ಹೊಟ್ಟಿ ಹಿಡ್ಕೊಂಡು ಕುಂತಾಳ. ಹಸಿವ್ಯಾಗೈತಿ ಅಕಿಗೆ. ಹಿಂದಿನ ಒಲಿ ನೋಡು, ಬೂದಿ ಸುದ್ದಾ ಇಲ್ಲ."

"ಅಗ ಬಾಯಿ! ಬರದಾಂವಗ ಗೊತ್ತಾಗೂದಿಲ್ಲೇನ, ನಿನಗ ಗೊತ್ತಾಗೂದು?" ಎಂದು ಕಾಕು ಕೆಣಕಿದರು.

"ಬರದಾಂವ ಬ್ಯಾರೆ, ತಗದಾಂವ ಬ್ಯಾರೆ ಇರ್ತಾರ. ತಗದಾಂವ ಖರೆ ಹೇಳ್ಯಾನ. ಇಂವ ನಡುವ ಬಾಯಿ ಹಾಕ್ಯಾನ."

ಮುಂದಿನ ವಾರದ ಮೊದಲ ಚಿತ್ರದಲ್ಲಿ ಒಬ್ಬ ಮುದುಕಿ ಹುಡುಗಿಗೆ ರೊಟ್ಟಿ ಕೊಡುತ್ತಿದ್ದಳು. ಅತ್ತೆ ಬರೀ ಕಾಕುವಿನ ಕಡೆ ನೋಡಿ ಒಂದು ಬೀಡಿಯ ತುದಿ ಮಡಚಿದರು.

ಅತ್ತೆಗೆ ಇನ್ನೊಂದು ದೊಡ್ಡ ನಂಬಿಕೆ ಇತ್ತು: ಅಂಬಿಗ ಸತ್ತಿಲ್ಲ. ಕತೆಯ ಮೊದಲ ವಾರ ಅವನ ಅಂಗಿಯ ಹೆಗಲ ಮೇಲೆ ಚೌಕಾಕಾರದ ತೇಪೆ ಇತ್ತು, ಹೊಲಿಗೆ ಎದ್ದು ಕಾಣುವ ಹಾಗೆ. ಆಮೇಲೆ ಎಲ್ಲೋ ಸಂತೆಯ ಚಿತ್ರದ ಮೂಲೆಯಲ್ಲಿ ಬೆನ್ನು ತಿರುಗಿಸಿ ನಿಂತ ಒಬ್ಬನ ಹೆಗಲ ಮೇಲೂ ಅಂಥದೇ ತೇಪೆ. ಇನ್ನೊಂದು ವಾರ ಗುಡಿಯ ಮೆಟ್ಟಿಲ ಮೇಲೆ ಕೂತವನಿಗೂ. ಅಕ್ಷರದಲ್ಲಿ ಅವನ ಸುದ್ದಿಯೇ ಇಲ್ಲ.

"ಮಗಳನ್ನ ದೂರದಿಂದ ನೋಡಾಕತ್ತಾನ. ಕಡೀಕ ಬಂದ ಬರ್ತಾನ" ಎನ್ನುತ್ತಿದ್ದರು ಅತ್ತೆ.

ನಾನು ಹೊಳೆಯ ದಂಡೆಯವಳು. "ಮಹಾಪೂರದಾಗ ಹ್ವಾದಾಂವ ಎಲ್ಲಿ ಬರ್ತಾನ್ರಿ ಅತ್ತಿ? ನಮ್ಮೂರಾಗ ನೋಡೇನಿ ನಾ" ಎಂದೆ.

"ನಿಮ್ಮೂರ ಹೊಳಿ ಬ್ಯಾರೆ, ಈ ಹೊಳಿ ಬ್ಯಾರೆ. ನೀ ಓದು ಸುಮ್ಕ."

ಓದಿ ಮುಗಿದ ಪುಟಗಳನ್ನು ಅತ್ತೆ ಪತ್ರಿಕೆಯಿಂದ ಬಿಡಿಸಿ, ಬೀಡಿಗೆ ಸುತ್ತುವ ದಾರದಿಂದ ಹಿಂದಿನ ವಾರಗಳದಕ್ಕೆ ಸೇರಿಸಿ ಹೊಲಿಯುತ್ತಿದ್ದರು. ಹುಳ ಹತ್ತಬಾರದೆಂದು ತಂಬಾಕಿನ ಒಣ ದಂಟು ಹಾಕಿ ಟ್ರಂಕಿನಲ್ಲಿ ಇಡುತ್ತಿದ್ದರು. ಅವರ ಕಣ್ಣು ಮಂಜಾಗುತ್ತಿದೆ ಎಂದು ನನಗೆ ಮೊದಲು ತಿಳಿದದ್ದು ಈ ಹೊಲಿಗೆಯಿಂದ. ಹೊಲಿಗೆ ಪುಟದ ಅಂಚು ಬಿಟ್ಟು ಚಿತ್ರದ ಮೇಲೆ ಬರತೊಡಗಿತು. ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯತೊಡಗಿದರು. ಪುಟವನ್ನು ಬಾಗಿಲ ಬೆಳಕಿಗೆ ಒಯ್ದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಅಡ್ಡಡ್ಡ ಆಡಿಸಿ ನೋಡುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಕಣ್ಣು. ಎಡಗಣ್ಣು ಚಿಕ್ಕಂದಿನಲ್ಲಿ ಸಿಡುಬಿಗೆ ಹೋಗಿತ್ತು.

ಮಿರಜಿಗೆ ಕರೆದುಕೊಂಡು ಹೋದೆವು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಪೊರೆ ಹಣ್ಣಾಗಿದೆ, ತಡಮಾಡದೆ ತೆಗೆಸಬೇಕು ಎಂದು ದಿನ ಗೊತ್ತು ಮಾಡಿದರು. ಅದೇ ಶನಿವಾರ ಬಂದ ಪತ್ರಿಕೆಯಲ್ಲಿ, ನಡುವಿನ ಪುಟದ ಕೆಳಗೆ, ಈ ಚಿತ್ರಕತೆ ಶೀಘ್ರದಲ್ಲಿ ಮುಕ್ತಾಯ ಎಂದು ಒಂದು ಸಾಲು ಇತ್ತು. ನಾನು ಅದನ್ನೂ ಓದಿಬಿಟ್ಟೆ.

ಅತ್ತೆ ಮೊರವನ್ನು ತೊಡೆಯಿಂದ ಕೆಳಗಿಟ್ಟರು. "ಹಂಗಾರ ಮುಗದ ಮ್ಯಾಲ ಹೋಗೂನು ಮಿರಜಕ್ಕ" ಎಂದರು.

ನನ್ನ ಗಂಡ ಹಣೆ ಬಡಿದುಕೊಂಡರು. "ಯವ್ವಾ, ಕಣ್ಣು ದೊಡ್ಡದೋ ಕತಿ ದೊಡ್ಡದೋ?"

"ಇರೂದು ಒಂದು ಕಣ್ಣು. ಕೊಯ್ಯೂದು ಅವರ ಕೈಯಾಗ, ಬರೂದು ಬಿಡೂದು ಮಂಗಸೂಳಿ ಮಲ್ಲಯ್ಯನ ಕೈಯಾಗ. ಈಗ ಸ್ವಲ್ಪರೆ ಕಾಣತೈತಿ. ಆ ಹುಡುಗಿ ದಂಡಿಗೆ ಹತ್ತಿದ್ದು ನೋಡಿ ಹೋಗ್ತೀನಿ. ಆಮ್ಯಾಲ ಕುರುಡಿ ಆದ್ರೂ ಚಿಂತಿಲ್ಲ."

ಅವರು ಹಟಕ್ಕೆ ಹೇಳುತ್ತಿರಲಿಲ್ಲ. ಅಕ್ಷರ ಬಲ್ಲವಳು ನಾನು, ನನ್ನ ಕಣ್ಣು ಹೋದರೂ ಯಾರಾದರೂ ಓದಿದ್ದನ್ನು ಕೇಳಬಹುದು. ಚಿತ್ರವೊಂದೇ ಅವರದಾಗಿತ್ತು, ಅದನ್ನು ಯಾರಿಗೂ ಓದಿ ಹೇಳಲು ಬರುವುದಿಲ್ಲ. ಪೊರೆ ಇನ್ನೂ ಬಲಿತರೆ ಚಿಕಿತ್ಸೆ ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ನಾನು ಮತ್ತೆ ಮತ್ತೆ ಹೇಳಿದೆ. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು. ತಾವು ನೋಡುವ ತನಕ ಮುಂದಿನ ಕತೆಯನ್ನು ಯಾರೂ ತಮ್ಮ ಕಿವಿಗೆ ಹಾಕಕೂಡದು.

"ಕಣ್ಣು ಬರ್ಲಿಲ್ಲಂದ್ರ ಆಗ ನೀ ಓದಿ ಹೇಳು. ಬಂತಂದ್ರ ನಾನ ನೋಡ್ತೀನಿ. ಅಲ್ಲೀತನಕ ಪಿಟ್ ಅನ್ನಬಾರದು" ಎಂದು ಪಡಸಾಲೆಯಲ್ಲಿದ್ದ ಎಲ್ಲರಿಂದಲೂ ಕೈ ಮೇಲೆ ಕೈ ಹಾಕಿಸಿಕೊಂಡು ಮಿರಜಿನ ಬಸ್ಸು ಹತ್ತಿದರು.

ಆಗಿನ ಕಣ್ಣಿನ ಆಪರೇಷನ್ ಈಗಿನ ಹಾಗೆ ಬೆಳಿಗ್ಗೆ ಹೋಗಿ ಸಂಜೆ ಬರುವಂಥದಲ್ಲ. ದವಾಖಾನೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಲುಗಾಡದೆ ಮಲಗಬೇಕಿತ್ತು. ಮನೆಗೆ ಬಂದ ಮೇಲೆ ಹಸಿರು ಬಟ್ಟೆಯ ಮರೆ. ದಪ್ಪ ಚಷ್ಮಾ ಬರುವ ತನಕ ಬೆಳಕು, ಬಣ್ಣ ಗೊತ್ತಾಗುತ್ತದೆ, ಗೆರೆ ಗೊತ್ತಾಗುವುದಿಲ್ಲ. ಬಗ್ಗಬಾರದು, ಭಾರ ಎತ್ತಬಾರದು, ಜೋರಾಗಿ ಕೆಮ್ಮಬಾರದು, ಅಳಬಾರದು. ತಂಬಾಕಿನ ಧೂಳಿಗೆ ಸೀನು ಬರುತ್ತದೆಂದು ಬೀಡಿ ಕೆಲಸವನ್ನೆಲ್ಲ ಕಾಕುವಿನ ಮನೆಗೆ ಸಾಗಿಸಿದೆವು. ಓದೂ ಅಲ್ಲಿಗೇ ಹೋಯಿತು. ಅತ್ತೆ ನಮ್ಮ ಪಡಸಾಲೆಯ ಮಂಚದ ಮೇಲೆ ಒಬ್ಬರೇ ಮಲಗಿ, ಎದುರು ಮನೆಯಿಂದ ನಗು ಕೇಳಿದಾಗ ಗೋಡೆಯ ಕಡೆ ತಿರುಗುತ್ತಿದ್ದರು. ನಾವು ನಗುವುದನ್ನೂ ಕಡಿಮೆ ಮಾಡಿದೆವು.

ಕೊನೆಯ ಕಂತು ಬಂದದ್ದು ಆಗಲೇ. ಎಡಗಡೆಯ ಪುಟದಲ್ಲಿ ಎಂದಿನಂತೆ ಸಣ್ಣ ಸಣ್ಣ ಚಿತ್ರ: ಮತ್ತೆ ಮಹಾಪೂರ, ಅವಳ ಊರಿನ ಮನೆಗಳಿಗೇ ನೀರು ನುಗ್ಗಿದೆ, ಜನ ಕೂಗುತ್ತಾರೆ, ಹಿರಿಯರು ಬೇಡ ಎನ್ನುತ್ತಾರೆ, ಅವಳು ದೋಣಿ ಬಿಚ್ಚುತ್ತಾಳೆ. ಬಲಗಡೆ ಇಡೀ ಪುಟಕ್ಕೆ ಒಂದೇ ಚಿತ್ರ. ಮೇಲಿನಿಂದ ಕಂಡ ಹಾಗೆ ಅಗಲವಾದ ಹೊಳೆ, ನಡುನೀರಿನಲ್ಲಿ ಜನ ತುಂಬಿದ ದೋಣಿ, ತುದಿಯಲ್ಲಿ ಹುಟ್ಟು ಹಿಡಿದು ನಿಂತ ಅವಳು, ಮುಂದೆ ಇಳಿಯಬೇಕಾದ ಆಚೆಯ ದಂಡೆ. ಆ ದಂಡೆಯ ಮೇಲೆ ಯಾರೂ ಇಲ್ಲ. ಒಂದಕ್ಷರವೂ ಇರಲಿಲ್ಲ. ಮುಗಿಯಿತು ಎಂಬ ಶಬ್ದ ಕೂಡ ಇರಲಿಲ್ಲ. ಹಿಂದೆ ಏನಾದರೂ ಇದೆಯೇನೋ ಎಂದು ತಿರುಗಿಸಿದರೆ ಹಪ್ಪಳದ ಜಾಹೀರಾತು.

"ಓದs" ಎಂದರು ಕಾಕು.

"ಓದಾಕ ಏನೂ ಇಲ್ರಿ ಕಾಕು" ಎಂದು ಪುಟವನ್ನು ಅವರತ್ತ ತಿರುಗಿಸಿ ಹಿಡಿದೆ.

ಅದು ಕೈಯಿಂದ ಕೈಗೆ ಹೋಯಿತು. ನೋಡಿದವರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಂಡರು. ಅಪ್ಪ ಬರಲಿಲ್ಲ, ದಂಡೆ ಬರಿದಾಗಿದೆ, ಎಂಬುದೇ ಎಲ್ಲರಿಗೂ ಕಂಡದ್ದು. ನನಗೂ ಹಾಗೇ ಕಂಡಿತು. ಕಾಕು ಮೂಗು ಸೀಟಿ, "ಅಕಿಗೆ ಇದನ್ನ ಈಗ ತೋರಿಸಬ್ಯಾಡ. ಅತ್ತಗಿತ್ತಾಳು, ಕಣ್ಣು ಹ್ವಾದೀತು" ಎಂದರು. ಹೇಗೂ ಅವರಿಗೆ ಕಾಣುತ್ತಲೂ ಇರಲಿಲ್ಲ. ಪುಟಗಳನ್ನು ನಾನು ಟ್ರಂಕಿನ ತಳಕ್ಕೆ ಹಾಕಿದೆ.

ಆಪರೇಷನ್ ಆದವರನ್ನು ಮಾತಾಡಿಸಲು ಬರುವುದು ನಮ್ಮ ಕಡೆ ದೊಡ್ಡ ಕರ್ತವ್ಯ. ಬಾಳೆಹಣ್ಣು, ಬಿಸ್ಕೀಟು ಪುಡಿಕೆ, ಎಳನೀರು ಹಿಡಿದು ಕೊಗನೊಳ್ಳಿಯಿಂದ, ಚಿಕ್ಕೋಡಿಯಿಂದ ಬೀಗರು ಬಂದರು. ನಾನು ಬಾಗಿಲಲ್ಲೇ ತಡೆದು, "ಕತಿ ಸುದ್ದಿ ಒಂದು ತಗೀಬ್ಯಾಡ್ರಿ" ಎಂದು ಹೇಳಿ ಒಳಗೆ ಬಿಡುತ್ತಿದ್ದೆ. ಕೆಲವರು ಯಾವ ಕತೆ ಎಂದು ಕೇಳಿ ನನಗೇ ತಲೆಕೆಟ್ಟಿದೆ ಎಂದುಕೊಂಡರು.

ತಪ್ಪಿದ್ದು ಅಕ್ಕೋಳದ ಮಾವಶಿ ಬಂದ ದಿನ. ಮಾವಶಿ ಅತ್ತೆಯ ಒಡಹುಟ್ಟಿದ ತಂಗಿ. ಬೇನೆ ಬಿದ್ದವರ ಹತ್ತಿರ ಒಂದಾದರೂ ಸಿಹಿ ಸುದ್ದಿ ಇಲ್ಲದೆ ಹೋಗಬಾರದು ಎಂಬುದು ಅವರ ನೇಮ. ಸುದ್ದಿ ಇದ್ದರೆ ಸರಿ, ಇಲ್ಲದಿದ್ದರೆ ಹುಟ್ಟಿಸುತ್ತಿದ್ದರು. ಜ್ವರ ಬಂದವರಿಗೆ ಮಗಳಿಗೆ ಗಂಡು ಗೊತ್ತಾಯಿತೆಂದೂ, ಕಾಲು ಮುರಿದವರಿಗೆ ಎಮ್ಮೆ ಗಬ್ಬವಾಯಿತೆಂದೂ ಹೇಳಿ ಎದ್ದು ಬಂದವರು. ಆ ದಿನ ನಾನು ನೀರಿಗೆ ಹೋಗಿದ್ದೆ. ಮಾವಶಿ ಮೊದಲು ಕಾಕುವಿನ ಮನೆ ಹೊಕ್ಕು ಎಲ್ಲ ವಿಚಾರಿಸಿಕೊಂಡು, ಅಕ್ಕನ ಮನಸ್ಸು ಸಪ್ಪಗಿದೆ ಎಂದು ತಿಳಿದುಕೊಂಡು ನಮ್ಮ ಮನೆಗೆ ಬಂದಿದ್ದರು. ನಾನು ಕೊಡ ಇಳಿಸುವಷ್ಟರಲ್ಲಿ ಮಾತು ಆಡಿಯಾಗಿತ್ತು.

"ಅಕ್ಕಾ, ನಿನ್ನ ಮಾತ ಖರೆ ಆತು. ಅಪ್ಪ ಬಂದಾನ. ಮಗಳನ್ನ ತಬ್ಕೊಂಡಾನ."

"ಯಾರ ಕೇಳಿದ್ರ ನಿನ್ನ? ಹೇಳಬ್ಯಾಡ ಅಂದಿದ್ದಿಲ್ಲೇನ?" ಎಂದು ಅತ್ತೆ ಗದರಿದರು. ಆದರೆ ಹಸಿರು ಬಟ್ಟೆಯ ಕೆಳಗೆ ತುಟಿ ಅರಳಿಬಿಟ್ಟಿತ್ತು. "ತ್ಯಾಪಿ ನೋಡಿ ಹೇಳಿದ್ದಿಲ್ಲೇನ ನಾ? ಎಲ್ಲಾರೂ ನಕ್ರಿ." ನನ್ನ ಹೆಜ್ಜೆ ಕೇಳಿ ತಲೆ ತಿರುಗಿಸಿದರು. "ಖರೆ ಏನ ಬೇ?"

ಏನು ಹೇಳಲಿ? ಸುಳ್ಳು ಅಂದರೆ ಕತೆ ಹೇಳಿದಂತೆ. ಖರೆ ಅಂದರೆ ನಾನೂ ಸುಳ್ಳಿಗೆ ಸೇರಿದಂತೆ. "ನಾ ಏನೂ ಹೇಳಂಗಿಲ್ರಿ ಅತ್ತಿ. ನೀವ ಬ್ಯಾಡ ಅಂದೀರಿ" ಎಂದೆ.

"ಹಂಗಂದ್ರ ಖರೆ ಐತಿ" ಎಂದು ಅವರೇ ತೀರ್ಮಾನ ಕೊಟ್ಟರು.

ಆಮೇಲೆ ಮಾತಾಡಿಸಲು ಬಂದವರಿಗೆಲ್ಲ ಅತ್ತೆ ತೇಪೆಯ ಸಂಗತಿ ಹೇಳತೊಡಗಿದರು. ತಾವು ಹೇಗೆ ಸಂತೆಯ ಮೂಲೆಯಲ್ಲಿ ಅವನನ್ನು ಗುರುತು ಹಿಡಿದರು, ಮೆಟ್ಟಿಲ ಮೇಲೆ ಹೇಗೆ ಗುರುತು ಹಿಡಿದರು ಎಂದು. ಊಟ ಸೇರತೊಡಗಿತು. ಗಂಟಲು ಏರಿತು. ಮಾವಶಿಯ ಸಿಹಿ ಸುದ್ದಿ ಔಷಧಿಯ ಹಾಗೇ ಕೆಲಸ ಮಾಡಿತ್ತು ಎಂಬುದನ್ನು ನಾನು ಒಪ್ಪಲೇಬೇಕು. ನನ್ನ ಚಿಂತೆ ಬೇರೆಯಾಗಿತ್ತು. ಇವರು ಯಾವುದಕ್ಕಾಗಿ ಕಣ್ಣು ಬೇಕೆಂದು ಹಂಬಲಿಸಿದರೋ ಅದನ್ನು ನೋಡುವ ದಿನವೇ ಮುಖ ಸಣ್ಣದಾಗಬೇಕೆ?

ಚಷ್ಮಾ ತರಲು ಮಿರಜಿಗೆ ಹೋಗುವ ಹಿಂದಿನ ದಿನ ಕಾಕು ಬಂದು ನನ್ನನ್ನು ಹಿತ್ತಲಿಗೆ ಕರೆದರು.

"ಕಡೀ ಪಾನ ತಗದ ಬಿಡು" ಎಂದರು. ಪಾನ ಎಂದರೆ ಅವರ ಮಾತಿನಲ್ಲಿ ಪುಟ.

"ತಗದ್ರ?"

"ಆ ವಾರ ಪೇಪರ್ ಬರ್ಲಿಲ್ಲ ಅನ್ನು. ಎಸ್‌ಟಿ ಬಸ್ ಬಂದ್ ಇತ್ತು ಅನ್ನು. ಅಕಿ ಮನಸಿನಾಗ ಅಪ್ಪ ಬಂದಾನ, ಇರಲಿ ಪಾಪ, ಇರ್ಲಿ ಬಿಡು."

ಕಾಕು ಕೆಟ್ಟದ್ದಕ್ಕೆ ಹೇಳಿದವರಲ್ಲ. ಒಂದು ಗಳಿಗೆ ನನಗೂ ಅದೇ ಸರಿ ಅನ್ನಿಸಿತು. ಆದರೆ ಟ್ರಂಕು ತೆಗೆದು ಆ ಪುಟವನ್ನು ಕೈಗೆತ್ತಿಕೊಂಡಾಗ ಹರಿಯಲು ಮನಸ್ಸಾಗಲಿಲ್ಲ. ಚಿತ್ರದ ಹಿಂಬದಿಯ ಬೂದಿಯಿಲ್ಲದ ಒಲೆಯನ್ನೂ ನೋಡಬಲ್ಲ ಕಣ್ಣು ಅದು. ಅದರ ಮುಂದೆ ನಾನು ಯಾವುದನ್ನು ಇಡಬೇಕು, ಯಾವುದನ್ನು ಬಚ್ಚಿಡಬೇಕು ಎಂದು ನಿರ್ಧರಿಸಲು ನಾನ್ಯಾರು? ಅತ್ತರೆ ಅಳಲಿ, ಡಾಕ್ಟರನ್ನು ಕೇಳಿಕೊಂಡೇ ತೋರಿಸಿದರಾಯಿತು ಎಂದುಕೊಂಡೆ. ಮರುದಿನ ಮಿರಜಿನಲ್ಲಿ ಕೇಳಿದೆ. "ಈಗ ಅತ್ತರೆ ಏನೂ ಆಗುವುದಿಲ್ಲ, ಆದರೆ ಯಾಕೆ ಅಳಿಸುತ್ತೀರಿ ಅತ್ತೆಯನ್ನ?" ಎಂದು ಡಾಕ್ಟರು ನಕ್ಕರು.

ಚಷ್ಮಾ ಸೀಸೆಯ ತಳದಷ್ಟು ದಪ್ಪಗಿತ್ತು. ಬಸ್ಸಿನಲ್ಲಿ ಅತ್ತೆ ಮೊದಲು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ನನ್ನ ಮುಖ ನೋಡಿದರು.

"ಇಷ್ಟ ಕರ್ರಗಿದ್ದೀಯೇನ ನೀ?" ಎಂದರು.

"ಕಣ್ಣು ಬಂದದ್ದು ಖಾತ್ರಿ ಆತ್ರಿ" ಎಂದು ನಾನು ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕೆವು.

ಮನೆಗೆ ಬಂದು ಕಾಲು ತೊಳೆದವರೇ ಟ್ರಂಕು ತೆಗೆ ಎಂದರು. ಬಾಗಿಲ ಬಳಿ ಚಾಪೆ ಹಾಸಿ ಕೊಟ್ಟೆ. ಕಾಕು ಮೆಲ್ಲಗೆ ಬಂದು ಕಂಬಕ್ಕೆ ಒರಗಿ ನಿಂತರು. ನಾನು ಪುಟಗಳನ್ನು ವಾರದ ಪ್ರಕಾರ ಜೋಡಿಸಿ ಕೊಟ್ಟೆ, ಏನೂ ತೆಗೆಯದೆ. ಅತ್ತೆ ಬಿಟ್ಟ ಜಾಗದಿಂದ ಶುರು ಮಾಡಿದರು. ಒಂದೊಂದು ಚಿತ್ರದ ಮೇಲೂ ಬೆರಳು ಆಡಿಸುತ್ತ, ನನ್ನಿಂದ ಅಕ್ಷರ ಓದಿಸುತ್ತ ಬಂದರು. ಕೊನೆಯ ಕಂತಿನ ಎಡಗಡೆಯ ಪುಟದಲ್ಲಿ ಅವಳು ದೋಣಿ ಬಿಚ್ಚಿದಾಗ, "ಅಲ್ಲೇ ಆಚೆ ದಂಡ್ಯಾಗ ಅದಾನ ಅಂವ, ನೋಡ್ತಿರು" ಎಂದು ಬಲಗಡೆಗೆ ಕಣ್ಣು ಹೊರಳಿಸಿದರು.

ಬೆರಳನ್ನು ದಂಡೆಯ ಉದ್ದಕ್ಕೂ ಆಡಿಸಿದರು. ಓದಲು ನನ್ನ ಬಳಿಯೂ ಏನೂ ಇರಲಿಲ್ಲ.

"ಅಂವ ಬಂದಿಲ್ಲ" ಎಂದರು.

"ಇಲ್ರಿ."

"ಮತ್ತ ತಂಗಿ ಅಂದ್ಲು ಬಂದಾನಂತ."

"ನಿಮಗ ಸಮಾಧಾನ ಆಗ್ಲಿ ಅಂತ ಅಂದಾರ್ರಿ."

"ಹ್ಞೂಂ." ಹಿಂದಿನ ಪುಟಗಳಿಗೆ ಹೋಗಿ ಸಂತೆಯ ಚಿತ್ರ ತೆಗೆದರು. ಹೊಸ ಚಷ್ಮಾದಲ್ಲಿ ಅದನ್ನು ನೋಡಿ, "ಹೋಗs! ಇಲ್ಲೆ ಮೂರು ಮಂದಿಗೆ ತ್ಯಾಪಿ ಐತಿ. ಎಲ್ಲಾರಿಗೂ ಒಂದ ದರ್ಜಿ ಕೈಲೆ ಹೊಲಿಸ್ಯಾನ ಇಂವ" ಎಂದರು. ಕಾಕು ನಗಬೇಕೋ ಬೇಡವೋ ತಿಳಿಯದೆ ಬಾಯಿಗೆ ಸೆರಗು ಅಡ್ಡ ಹಿಡಿದರು.

ಮತ್ತೆ ಕೊನೆಯ ಪುಟ. ಈ ಸಲ ಚಷ್ಮಾದ ಕೆಳಗಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ನಾನು ತಡೆಯಲಿಲ್ಲ.

"ಬಂದಿದ್ರ ಕೆಟ್ಟ ಇತ್ತು" ಎಂದರು ಅತ್ತೆ.

"ಯಾಕ್ರಿ?"

"ಬಂದಾಂವ ಮೊದಲ ಏನ ಮಾಡ್ತಿದ್ದ? ಸಾಕ ಮಗಳ, ನೀ ಮನಿಗೆ ನಡಿ ಅಂತಿದ್ದ. ಅಕಿ ಕೈಯಾಗಿನ ಹುಟ್ಟು ಇಸ್ಕೊಂತಿದ್ದ. ಪ್ರೀತೀಲೆ ಇಸ್ಕೊಂತಿದ್ದ ಅನ್ನು, ಸಿಟ್ಟೀಲೆ ಅಲ್ಲ. ಆದ್ರ ಇಸ್ಕೊಂತಿದ್ದ." ಬೆರಳನ್ನು ದೋಣಿಯ ಮೇಲೆ ಇಟ್ಟರು. "ನೀವೆಲ್ಲಾ ಯಾಕ ಅತ್ರಿ?"

"ದಂಡಿ ಮ್ಯಾಲ ಯಾರೂ ಇಲ್ಲಲ್ರಿ ಅತ್ತಿ."

"ದಂಡೀಕ ಯಾಕ ನೋಡೀರಿ? ದೋಣಿ ನೋಡ್ರಿ. ಕಾಲಿಡಾಕ ಜಾಗಾ ಇಲ್ಲ. ಈ ಮುದುಕಿ ನೋಡು, ಅಕಿಗೆ ರೊಟ್ಟಿ ಕೊಟ್ಟಾಕಿ. ಈ ಗಂಡಸು, ಅಕೀನ ನೋಡಿ ನಕ್ಕಾಂವ. ಎಲ್ಲಾರ್ನೂ ಕುಂಡ್ರಿಸ್ಕೊಂಡಾಳ. ಎಲ್ಲಾರೂ ಅಕೀ ಕಡೆ ಬೆನ್ನ ಮಾಡಿ ಕುಂತಾರ, ಭಯ ಇಲ್ದ."

ಅದು ಹೌದಾಗಿತ್ತು. ದೋಣಿಯಲ್ಲಿ ಕೂತವರು ಯಾರೂ ತಿರುಗಿ ಅವಳನ್ನು ನೋಡುತ್ತಿರಲಿಲ್ಲ. ಬಸ್ಸು ಹತ್ತಿದವರು ಡ್ರೈವರನನ್ನು ನೋಡದೆ ಕೂಡುವ ಹಾಗೆ ಆರಾಮವಾಗಿ ಕೂತಿದ್ದರು. ಹಾಗೆಂದು ಬರಿದಾದ ದಂಡೆ ನನ್ನ ಕಣ್ಣಿನಿಂದ ಹೋಯಿತೆಂದು ಹೇಳಲಾರೆ. ಹೊಳೆಯ ಊರಿನವಳಿಗೆ ಅದು ಹೋಗುವುದಿಲ್ಲ. ನಾನು ಹಾಗೆಂದೇ ಹೇಳಿದೆ. "ನಿನಗ ಅದು ಕಾಣ್ಲಿ, ನನಗ ಇದು ಕಾಣ್ಲಿ. ಪಾನ ದೊಡ್ಡದೈತಿ" ಎಂದರು ಅತ್ತೆ. ಆ ಚಿತ್ರ ತೆಗೆದವನು ಅಕ್ಷರ ಹಾಕದೆ ಬಿಟ್ಟದ್ದು ಎಷ್ಟು ದೊಡ್ಡ ಕೆಲಸ ಎಂದು ನನಗೆ ಅರ್ಥವಾದದ್ದು ಆಗ. ಒಂದು ಸಾಲು ಬರೆದಿದ್ದರೆ ನಾನು ಓದಿಬಿಡುತ್ತಿದ್ದೆ, ನಾವಿಬ್ಬರೂ ಒಂದನ್ನೇ ನೋಡಿ ಎದ್ದು ಹೋಗುತ್ತಿದ್ದೆವು.

ಅಂದು ಅತ್ತೆ ರೊಟ್ಟಿಯ ಮೇಲೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಂಡರು.

ಮುಂದೆ ಎಂಟು ಹತ್ತು ದಿನಕ್ಕೆ ಅಕ್ಕೋಳದ ಮಾವಶಿ ಮತ್ತೆ ಬಂದರು. ಅಕ್ಕನ ಚಷ್ಮಾ ನೋಡಿ ಹೊಗಳಿ, ಬಾಳೆಹಣ್ಣು ಇಟ್ಟು, ಮಾತು ಎತ್ತ ಹೋಗುತ್ತದೋ ಎಂದು ನನ್ನ ಮುಖ ನೋಡಿದರು.

"ಏನ ಹೇಳಿ ಹ್ವಾದಿ ನೀ?" ಎಂದರು ಅತ್ತೆ. "ಅಪ್ಪ ಬಂದ, ತಬ್ಕೊಂಡ. ಅಷ್ಟ! ಉಪ್ಪಿಲ್ಲ, ಹುಳಿ ಇಲ್ಲ. ಇಷ್ಟ ಸಪ್ಪನ ಕತಿಗೆ ನಾ ಕಣ್ಣು ಕೊಯ್ಸಿಕೊಂಡೆ ಅಂತ ತಿಳದಿಯೇನ?"

"ನಿನ್ನ ಚಲೋಕ್ಕ ಅಂದ್ನಿ ಅಕ್ಕಾ. ಅಳಬಾರದು ಅಂದಿದ್ರಂತಲ್ಲಾ."

"ಗೊತ್ತೈತಿ. ಬಾ ಇಲ್ಲೆ, ಕೂಡು."

ಅತ್ತೆ ಹೊಲಿದ ಪುಟಗಳ ಕಟ್ಟನ್ನು ತೊಡೆಯ ಮೇಲೆ ಬಿಚ್ಚಿದರು. ನಾನು ಓದಲೆಂದು ಹತ್ತಿರ ಸರಿದೆ. "ನೀ ಬ್ಯಾಡ. ಇಕಿಗೆ ನಾ ಹೇಳ್ತೀನಿ" ಎಂದರು. ಮೊದಲ ವಾರದ ಮಹಾಪೂರದಿಂದ ಶುರು ಮಾಡಿದರು. ಬರೆದವನ ಮಾತು ಎಲ್ಲೂ ಇರಲಿಲ್ಲ, ಒಲೆ ಇತ್ತು, ಹಸಿವು ಇತ್ತು, ಲಂಗದ ಅಂಚು ಇತ್ತು. ಚಹಾ ಎರಡು ಸಲ ಆಯಿತು. ಮಾವಶಿಯ ಅಕ್ಕೋಳದ ಬಸ್ಸು ಹೋಯಿತು. ಕೊನೆಯ ಪುಟಕ್ಕೆ ಬಂದಾಗ ಅತ್ತೆ ಬಾಯಿ ಮುಚ್ಚಿ ಪುಟವನ್ನು ತಂಗಿಯ ಕೈಗೆ ಕೊಟ್ಟುಬಿಟ್ಟರು.

ಮಾವಶಿ ನೋಡಿದರು, ಹತ್ತಿರ ತಂದು ಮತ್ತೆ ನೋಡಿದರು. "ಅಕ್ಕಾ, ಇದು..." ಎಂದು ನಿಂತರು.

"ಹೇಳಬ್ಯಾಡ" ಎಂದರು ಅತ್ತೆ. "ನೋಡು."